ಟೀಚರ್ ಹೇಳಿದ್ದನ್ನು ಅಮ್ಮನಿಗೆ ಮಗನೇ ಹೇಳಬೇಕು

ಹ್ಯೂಸ್ಟನ್ ಟೀಚರ್: ನನ್ನ ಕ್ಲಾಸಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್, ಗ್ವಾಟೆಮಾಲಾ ಕಡೆಯ ಮಕ್ಕಳೇ ಜಾಸ್ತಿ. ಅದರಲ್ಲೊಬ್ಬ, ಹದಿನಾಲ್ಕು ವರ್ಷದವನು, ಮಧ್ಯಾಹ್ನ ಊಟಕ್ಕೂ ಏಳದೆ ಮೇಜಿನ ಮೇಲೆ ತಲೆಯಿಟ್ಟು ಕೂತಿರುತ್ತಾನೆ. ಸೋಮಾರಿ ಅಂತಾರೆ ಎಲ್ಲರೂ. ನಾಲ್ಕು ವರ್ಷದವನಿದ್ದಾಗ ಅಜ್ಜಿ ಹತ್ತಿರ ಬಿಟ್ಟು ಬಂದ ಅಮ್ಮನನ್ನು ಈಗ ಹತ್ತು ವರ್ಷದ ಮೇಲೆ ಸೇರಿಕೊಂಡಿದ್ದಾನೆ. ಅಜ್ಜಿಯನ್ನು ಮಮಾ, ಅಂದರೆ ಅಮ್ಮ, ಅನ್ನುತ್ತಾನೆ, ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ. ಇದು ಬಾಲ್ಯದ ಪೆಟ್ಟೋ, ಇಲ್ಲಿನ ಒತ್ತಡವೋ?

ಸ್ಟೆತಸ್ಕೋಪ್: ಬಾಲ್ಯದ್ದೇ ಮೇಡಂ. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಅವರ ಅಧ್ಯಯನ ಬಂತಲ್ಲ. ಹೊಡೆತ, ಮನೆಯಲ್ಲಿ ಕುಡಿತ, ಜೈಲಿಗೆ ಹೋದವರು, ಹೀಗೆ ಚಿಕ್ಕಂದಿನಲ್ಲಿ ಕಂಡ ಕಷ್ಟದ ಬಗೆ ಎಷ್ಟು ಜಾಸ್ತಿಯೋ ದೊಡ್ಡವರಾದಾಗ ಖಿನ್ನತೆಯೂ ಅಷ್ಟು ಜಾಸ್ತಿ.

ಗಡಿಯಾಚೆ: ಅದು ಸ್ಯಾನ್ ಡಿಯೇಗೋದಲ್ಲಿ ವಿಮೆ ಇದ್ದವರ ಮೇಲೆ ನಡೆದದ್ದು ಸಾರ್, ಹೆಚ್ಚಿನವರು ಬಿಳಿಯರು. ಮೆಕ್ಸಿಕೊ ದಾಟೋಕೆ ಗೂಡ್ಸ್ ರೈಲಿನ ಮೇಲೆ ಹತ್ತುವ ಮಗುವಿನ ಕಷ್ಟ ಆ ಪಟ್ಟಿಯಲ್ಲಿ ಎಲ್ಲಿದೆ? 2018ರಲ್ಲಿ ಗಡಿಯಲ್ಲಿ ಅಮೆರಿಕ ಸರ್ಕಾರ ಅಪ್ಪ ಅಮ್ಮನಿಂದ ಕಿತ್ತುಕೊಂಡ ಮಕ್ಕಳದ್ದು ಎಲ್ಲಿ ಸೇರಿಸ್ತೀರಿ? ಇನ್ನೊಂದು ಮಾತು. ಮೆಕ್ಸಿಕೊದಿಂದ ಬಂದವರಿಗಿಂತ ಅಮೆರಿಕದಲ್ಲೇ ಹುಟ್ಟಿದ ಮೆಕ್ಸಿಕನ್ ಮೂಲದವರಲ್ಲಿ ಖಿನ್ನತೆ ಜಾಸ್ತಿ ಅಂತ ಹಲವು ಸಮೀಕ್ಷೆಗಳು ತೋರಿಸಿವೆ. ಹಳೇ ಊರಿನದೇ ತಪ್ಪಾದರೆ ಇದು ಉಲ್ಟಾ ಆಗಬೇಕಿತ್ತು, ಅಲ್ವಾ?

ಸ್ಟೆತಸ್ಕೋಪ್: ಒಪ್ಪಿದೆ. ಆದರೆ ಮೊದಲೇ ಪೆಟ್ಟು ತಿಂದ ಮಗುವಿಗೆ ಇಲ್ಲಿನ ಒತ್ತಡ ಇನ್ನೂ ಭಾರ ಅನ್ನೋದನ್ನು ಮರೀಬೇಡಿ.

ಎಡಿಸನ್ ಅಂಕಲ್: ನಮ್ಮ ಮಕ್ಕಳೂ ಬಂದು ಹೊಂದಿಕೊಂಡರಪ್ಪ. ಸುಮ್ನೆ ದೊಡ್ಡದು ಮಾಡ್ತೀರಿ.

ಗಡಿಯಾಚೆ: ಅಂಕಲ್, ನಿಮ್ಮ ಮಕ್ಕಳು ವೀಸಾ ಹಿಡಿದು ವಿಮಾನದಲ್ಲಿ ಬಂದರು. ಸಂಜೆ ಅಪ್ಪ ಮನೆಗೆ ಬರ್ತಾರೋ, ಹಿಡಿದು ವಾಪಸ್ ಕಳಿಸ್ತಾರೋ ಅಂತ ಬಾಗಿಲು ನೋಡುತ್ತಾ ಕೂರಲಿಲ್ಲ.

ಎಡಿಸನ್ ಅಂಕಲ್: ಅದು ಸರಿ. ಭಾಷೆಯಾದರೂ ಬೇಗ ಬರುತ್ತಲ್ಲ ಅವರಿಗೆ.

ಹ್ಯೂಸ್ಟನ್ ಟೀಚರ್: ಬರುತ್ತೆ ಸಾರ್, ಕಷ್ಟ ಶುರುವಾಗೋದೂ ಅಲ್ಲೇ. ಆಸ್ಪತ್ರೆ, ಬಾಡಿಗೆ ಮನೆಯವರ ಕಾಗದ, ಎಲ್ಲದಕ್ಕೂ ಅವನೇ ದುಭಾಷಿ. ಮೊನ್ನೆ ಅಮ್ಮನನ್ನು ಕರೆಸಿ, ಇವನು ಊಟ ಮಾಡಲ್ಲ, ಯಾರ ಜೊತೆಗೂ ಮಾತಾಡಲ್ಲ ಅಂದೆ. ಅವನು ಒಂದೇ ಸಾಲಲ್ಲಿ ಏನೋ ಹೇಳಿದ. ಆಕೆ ನಕ್ಕು ನನ್ನ ಕೈ ಹಿಡಿದು ಗ್ರಾಸಿಯಾಸ್, ಅಂದರೆ ಥ್ಯಾಂಕ್ಸ್, ಅಂದಳು. ನನಗೂ ಅಷ್ಟಿಷ್ಟು ಸ್ಪ್ಯಾನಿಷ್ ಬರುತ್ತೆ. 'ನಾನು ಚೆನ್ನಾಗಿ ಓದುತ್ತೀನಂತೆ' ಅಂದಿದ್ದ. ಅವನೆದುರೇ ಅದನ್ನು ತಿದ್ದೋಕೆ ಬಾಯಿ ಬರಲಿಲ್ಲ. ಮುಂದಿನ ವಾರಕ್ಕೆ ಬೇರೆ ದುಭಾಷಿ ಬೇಕು ಅಂತ ಆಫೀಸಿಗೆ ಬರೆದು ಕೊಟ್ಟಿದ್ದೇನೆ.