ಸಾರಿನಲ್ಲಿ ಬೆರೆಸುವ ಪುಡಿ: ನಮ್ಮ ಮನೆತನದ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: (ಫಾರ್ವರ್ಡ್) "ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ. ಬಣ್ಣವಿಲ್ಲ, ರುಚಿಯಿಲ್ಲ, ಅಡ್ಡ ಪರಿಣಾಮವಿಲ್ಲ. ಹದಿನೈದು ದಿನಗಳಲ್ಲಿ ಕುಡಿತ ಬಿಡುವುದು ಖಚಿತ."
ಯಾರಿಗಾದರೂ ಉಪಯೋಗವಾದೀತು ಎಂದು ಹಾಕಿದ್ದೇನೆ.

ಶುಭಾ: ಚಿಕ್ಕಪ್ಪ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ದಯವಿಟ್ಟು ಈ ಸಂದೇಶವನ್ನು ಅಳಿಸಿ. ಆ ಪುಡಿಯಲ್ಲಿ ಏನಿದೆ ಎಂದು ಸಂದೇಶದಲ್ಲಿ ಎಲ್ಲಿಯೂ ಹೇಳಿಲ್ಲ. ಒಂದು ವೇಳೆ ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯ ಔಷಧಿ ಇದ್ದರೆ ಅದು ಆಟದ ವಸ್ತುವಲ್ಲ. ಮದ್ಯವು ದೇಹದೊಳಗೆ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಅಪಾಯವಿಲ್ಲದ ಅಸಿಟೇಟ್ ಆಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹಂತವನ್ನೇ ತಡೆಯುವುದರಿಂದ, ಅದನ್ನು ತಿಂದವರು ಕುಡಿದರೆ ಮುಖ ಕೆಂಪೇರಿ, ಎದೆ ಡವಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗಿಗಳಿಗೆ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳ ತನಕ ಈ ಅಪಾಯ ಇರುತ್ತದೆ. ಆದ್ದರಿಂದಲೇ ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಇದನ್ನು ಕೊಡುತ್ತಾರೆ.

ಅತ್ತೆ: ನೀನು ಹೇಳುವುದು ಸರಿಯಿರಬಹುದು, ಶುಭಾ. ಆದರೆ "ನನಗೇನೂ ಆಗಿಲ್ಲ" ಎನ್ನುವ ಗಂಡನನ್ನು ಒಪ್ಪಿಸುವುದು ಹೇಗೆ? ರಾತ್ರಿ ಬಾಗಿಲು ಬಡಿದ ಸದ್ದಿಗೆ ಮಕ್ಕಳು ಪುಸ್ತಕ ಮುಚ್ಚಿಟ್ಟು, ನಿದ್ದೆ ಬಂದವರಂತೆ ಹೊದ್ದು ಮಲಗುವ ಮನೆಯ ಹೆಂಗಸು ಇಂಥ ಪುಡಿ ಕೊಂಡರೆ ಅವಳನ್ನು ದೂರಬೇಡ.

ಶುಭಾ: ಅವಳನ್ನಲ್ಲ ಅತ್ತೆ, ಅವಳ ಸಂಕಟವನ್ನು ಬಂಡವಾಳ ಮಾಡಿಕೊಂಡವರನ್ನು ದೂರುತ್ತಿದ್ದೇನೆ. ಗಂಡ ಬರಲೊಪ್ಪದಿದ್ದರೆ ಹೆಂಡತಿಯೊಬ್ಬಳೇ ಹೋಗಿ ವೈದ್ಯರ ಸಲಹೆ ಕೇಳಬಹುದು. ವ್ಯಸನಮುಕ್ತಿಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಎರಡಕ್ಕೂ ಹಣ ಕೊಡಬೇಕಿಲ್ಲ.

ಚಿಕ್ಕಪ್ಪ: ಸರಿ, ಪುಡಿ ಬೇಡ. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ತಾನಾಗಿಯೇ ಬಿಡುತ್ತಾನೆ. ಇದಕ್ಕೆ ಬೇಕಾಗಿರುವುದು ಮನಸ್ಸಿನ ಹಠ ಮಾತ್ರ.

ಶುಭಾ: ಅದು ಇನ್ನೂ ಅಪಾಯಕಾರಿ, ಚಿಕ್ಕಪ್ಪ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ ಶುರುವಾಗಿ, ಎರಡು ದಿನಗಳೊಳಗೆ ಫಿಟ್ಸ್ ಬರಬಹುದು; ಕೆಲವರಿಗೆ ಎರಡು, ಮೂರನೆಯ ದಿನದ ಹೊತ್ತಿಗೆ ಸನ್ನಿ ಹಿಡಿಯುತ್ತದೆ. ನಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿನಲ್ಲಿ ಅಂಥವರು ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕುತ್ತಾ, ಪಕ್ಕದಲ್ಲಿ ನಿಂತ ಮಗನ ಗುರುತೇ ಸಿಗದೆ ಬೆವರುತ್ತಿರುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾಯುವವರೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಮುಚ್ಚಿ, ಮೇ 4ರಂದು ತೆರೆಯುವ ತನಕ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಹೆಚ್ಚಾಗಿ ಬಂದಿದ್ದರು. ಆಸ್ಪತ್ರೆಯಲ್ಲಿ ಡಯಾಜೆಪಾಮ್‌ನಂತಹ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ, ಮಿದುಳನ್ನು ಕಾಪಾಡಲು ಥಯಮಿನ್ (ಬಿ1 ವಿಟಮಿನ್) ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಹಠದ ಮಾತನ್ನೂ ಹೇಳಿಬಿಡುತ್ತೇನೆ. ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಗಾಗಿ ನೆರವು ಬೇಕಾಗಿರುವವರು 5.7 ಕೋಟಿ ಜನ. ಅಷ್ಟೂ ಜನರಿಗೆ ಹಠವಿಲ್ಲ ಎನ್ನಲಾದೀತೇ?

ಚಿಕ್ಕಪ್ಪ: ಸಂದೇಶವನ್ನು ಅಳಿಸಿದ್ದೇನೆ. ಆದರೂ ಹಠವೇ ಬೇಡವೆಂದರೆ ನಾನು ಒಪ್ಪುವುದಿಲ್ಲ.

ಶುಭಾ: ಬೇಕು ಚಿಕ್ಕಪ್ಪ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ ಬಹಳ ಬೇಕು. ಆಗ ಮತ್ತೊಮ್ಮೆ ಕುಡಿದರೆ "ಇವನು ಇಷ್ಟೇ" ಎಂದು ಕೈಬಿಡದೆ, ತಡಮಾಡದೆ ಪುನಃ ವೈದ್ಯರ ಬಳಿಗೆ ಕರೆದೊಯ್ಯುವ ಹಠ ಮನೆಯವರಿಗೂ ಇರಬೇಕು.

ಅತ್ತೆ: ಆ ಎರಡು ನಂಬರುಗಳನ್ನು ಬೇರೆ ಸಂದೇಶವಾಗಿ ಹಾಕು, ಶುಭಾ. ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿಗೆ ಈಗಲೇ ಕಳುಹಿಸುತ್ತೇನೆ.