ಮಾರ್ಕ್ ಪ್ರೈಸ್ ಹೆಸರು ಯಾಕ ಯಾರೂ ತಗಿಯಂಗಿಲ್ಲ?

ವಿದ್ಯಾನಗರ ಗಾರ್ಡ್, ಹುಬ್ಬಳ್ಳಿ:
ಎಲ್ಲಾರ್ಗೂ ನಮಸ್ಕಾರ್ರಿ. ನಾ ಸಂಜೀಮುಂದ ಒಂದ್ ಎಂಟ್ ಹತ್ತ್ ಹೈಸ್ಕೂಲ್ ಹುಡುಗೂರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡ್ತೀನಿ. ಬಾಲ್ ಕೈಗೆ ಬಂದ್ ಕೂಡ್ಲೇ ಎಲ್ಲಾರೂ ಸ್ಟೆಫ್ ಕರಿನ ಆಗ್ತಾರ, ಅರ್ಧಾ ಕೋರ್ಟಿನಿಂದ್ಲೇ ಒಗೀತಾರ. ಮೊನ್ನೆ ಮಾರ್ಕ್ ಪ್ರೈಸ್ ಅಂದೆ, ಅಮೆರಿಕಾದ ಎನ್‌ಬಿಎ ಲೀಗಿನ್ಯಾಗ ಕ್ಲೀವ್‌ಲ್ಯಾಂಡ್ ಟೀಮಿನ ಗಾರ್ಡ್, ಅಂದ್ರ ಬಾಲ್ ತಂದು ಆಟಾ ನಡಸಾಂವ; ಒಬ್ಬನಿಗೂ ಗೊತ್ತಿಲ್ಲ. ಅವ್ರದೇನ್ ತಪ್ಪಿಲ್ಲ ಬಿಡ್ರಿ, ಅಂವ ಆಟಾ ಬಿಟ್ಟಿದ್ದ 1998ರಾಗ, ಇವ್ರಿನ್ನೂ ಹುಟ್ಟೇ ಇರಲಿಲ್ಲ. ಆದ್ರ ದೊಡ್ಡಾವ್ರೂ ಹಳೇ ಗಾರ್ಡ್ ಅಂದ್ರ ಮ್ಯಾಜಿಕ್ ಜಾನ್ಸನ್, ಸ್ಟಾಕ್ಟನ್, ಐಸಾಯಾ ಥಾಮಸ್ ಅಂತ ಅಲ್ಲೇ ನಿಲ್ತಾರ. ಆರಡಿ ಮನಷ್ಯಾ, 1986ರ ಡ್ರಾಫ್ಟಿನಾಗ, ಅಂದ್ರ ಟೀಮಿನವ್ರು ಹೊಸಾ ಆಟಗಾರ್ರನ್ನ ಸರದಿ ಪ್ರಕಾರ ಆರಿಸ್ಕೊಳ್ಳೂದ್ರಾಗ, ಎರಡನೇ ಸುತ್ತಿನ್ಯಾಗ 25ನೇದಾಂವಾಗಿ ಬಂದಾಂವ, 1993ರಾಗ ಜೋರ್ಡನ್, ಬಾರ್ಕ್ಲಿ, ಕಾರ್ಲ್ ಮಲೋನ್, ಒಲಾಜುವಾನ್ ಜೋಡಿ ವರ್ಷದ ಐದು ಬೆಸ್ಟ್ ಆಟಗಾರ್ರ ಆಲ್-ಎನ್‌ಬಿಎ ಫಸ್ಟ್ ಟೀಮಿನ್ಯಾಗ ಇದ್ದ, ಸ್ಟಾಕ್ಟನ್ ಆ ವರ್ಷ ಸೆಕೆಂಡ್ ಟೀಮ್ ಕಣ್ರಿ! ಇಂಥಾವನ್ನ ಹೆಂಗ ಮರೀತಾರ? ಹುಡುಗೂರಿಗೆ ಅವನ್ದು ಮೊದಲ ಏನ್ ತೋರಿಸಲಿ ಹೇಳ್ರಿ.

ಧಾರವಾಡ ಮಳಿ:
ತಮ್ಮಾ, ನಿನ್ನ ಪ್ರಶ್ನಿ ಓದಿ ಭಾಳ ಖುಷಿ ಆತು. ಫ್ರೀ ಥ್ರೋ, ಅಂದ್ರ ಫೌಲ್ ಆದಮ್ಯಾಲೆ ಅಡ್ಡಿ ಇಲ್ದ ಹೊಡಿಯೂ ಶಾಟು, ಅದರ ಲೆಕ್ಕಾ ತೋರಿಸಬ್ಯಾಡ, 90.4 ಪರ್ಸೆಂಟ್ ಅಂದ್ರ ಹುಡುಗೂರು ಹೂಂ ಅಂದು ಮರೀತಾವ. ಡಬಲ್ ಟೀಮ್ ಒಡಿಯೂದು ತೋರ್ಸು.

ನಮ್ಮ ದೊಡ್ಡಾಂವ ಬಂದು ಡಿಫೆಂಡರ್‌ಗೆ ಅಡ್ಡ, ಸ್ಕ್ರೀನ್ ನಿಂತಾ ಅಂದ್ರ ಡಿಫೆಂಡರ್ ಇಬ್ರೂ ಕೂಡಿ ಬಾಲ್ ಇದ್ದಾಂವನ ಮ್ಯಾಲೆ ಬೀಳ್ತಾರ, ನಮಗ ಆಗ ಕಲಿಸಿದ್ದು ಏನಪಾ ಅಂದ್ರ ಸುತ್ತ ಹಾಕಿ ಹೋಗು, ಆಗ್ಲಿಲ್ಲಂದ್ರ ಹಿಂದ ಸರಿ. ಪ್ರೈಸ್ ಇಬ್ರ ನಡಬರಕ ಹಾದು ಹೋಗ್ತಿದ್ದ. ಅವ್ರಿಬ್ರ ಭುಜಾ ಕೂಡೂಕಿಂತ ಮೊದ್ಲ ಕಣ್ಣ ಮಿಟಕಿಸೂದ್ರಾಗ ಒಂದ್ ಸಂದಿ ಇರ್ತದ, ಅದು ಅವನ್ಗ ಕಾಣ್ತಿತ್ತು. ಬಾಲ್ ಮೊಣಕಾಲಿಗಿಂತ ಕೆಳಗ, ಒಂದೇ ಒಂದ್ ಉದ್ದನ ಡ್ರಿಬಲ್, ಮೊದ್ಲ ಬಾಲ್ ಹೋಗ್ತದ ಅದರ ಹಿಂದ ಭುಜಾ ಬಗ್ಗಿಸಿ ಮೈ ಹೋಗ್ತದ, ದುರ್ಗದ ಬೈಲ್ ಗದ್ದಲದಾಗ ಸೈಕಲ್ ತೂರಿಸಿದಂಗ. ಅತ್ತಾಗ ದಾಟಿದ್ನಂದ್ರ ಇಬ್ರು ಹಿಂದ ಉಳದ್ರು, ತನ್ನವ್ರು ಐದು ಮಂದಿ, ಎದುರಿಗೆ ಮೂರ ಮಂದಿ. ಅವನ ಟೀಮಿನ ಬ್ರಾಡ್ ಡಾಹರ್ಟಿ ಒಳಗ ಓಡ್ತಿರ್ತಾನ, ಲ್ಯಾರಿ ನ್ಯಾನ್ಸ್ ಬಾಜೂಕ, ಇಲ್ಲಾ ತಾನ ಗಕ್ಕನ ನಿಂತು ಜಂಪ್ ಶಾಟ್. ಈಗ ಎಲ್ಲಾ ಗಾರ್ಡೂ ಇದನ್ನ ಮಾಡ್ತಾರ, ಯಾರ್ ಹಾಕಿದ ದಾರಿ ಅಂತ ಯಾರೂ ಕೇಳಂಗಿಲ್ಲ. ಅದ ನನ್ನ ಹೊಟ್ಟಿ ಉರಿಸ್ತದ.

ಹಾವೇರಿ ಏಲಕ್ಕಿ:
ಪ್ರೈಸ್ ಮ್ಯಾಲೆ ನಂಗೂ ಪ್ರೀತಿ ಐತಿ, ಆದ್ರ ಆ ಕಾಲದ ಗಾರ್ಡ್‌ಗಳಾಗ ನನ್ನ ಓಟು ಕೆವಿನ್ ಜಾನ್ಸನ್‌ಗೇ. ಡಿಫೆನ್ಸ್‌ನ್ಯಾಗ ಎತ್ತರದ ಗಾರ್ಡ್ ಬಂದ್ರ ಪ್ರೈಸ್‌ಗೆ ಕಷ್ಟ ಆಗ್ತಿತ್ತು, ಅದನ್ನ ಮುಚ್ಚಿಡಬ್ಯಾಡ್ರಿ.

ವಿದ್ಯಾನಗರ ಗಾರ್ಡ್, ಹುಬ್ಬಳ್ಳಿ:
ಒಪ್ಪೀನ್ರಿ, ಡಿಫೆನ್ಸ್ ಮಾತು ಖರೇನ. ಆದ್ರ ಕೆವಿನ್ ಜಾನ್ಸನ್‌ನ ಕ್ಲೀವ್‌ಲ್ಯಾಂಡಿನವ್ರ 1987ರ ಡ್ರಾಫ್ಟಿನಾಗ ತಗೊಂಡಿದ್ರು, ಏಳನೇ ಪಿಕ್! 1988ರ ಫೆಬ್ರವರಿಯೊಳಗ ಫೀನಿಕ್ಸ್‌ಗೆ ಕೊಟ್ಟು ನ್ಯಾನ್ಸ್‌ನ ತಂದ್ರು, ಯಾಕಂದ್ರ ಆ ಜಾಗಾದಾಗ 25ನೇ ಪಿಕ್‌ನ ಪ್ರೈಸ್ ಆಗ್ಲೇ ಕುಂತುಬಿಟ್ಟಿದ್ದ. ಮುಂದಿನ ಸೀಸನ್‌ದಾಗನ 57 ಮ್ಯಾಚ್ ಗೆದ್ರು, ಪ್ರೈಸ್ ಫೀಲ್ಡ್ ಗೋಲ್ 50, ತ್ರೀ ಪಾಯಿಂಟ್ 40, ಫ್ರೀ ಥ್ರೋ 90 ಪರ್ಸೆಂಟ್ ಮೂರೂ ದಾಟಿದ, ಅವನಕಿಂತ ಮೊದ್ಲ ಅದನ್ನ ಮಾಡಿದಾಂವ ಲ್ಯಾರಿ ಬರ್ಡ್ ಒಬ್ಬನ.

ಗದಗ ಪ್ಯಾಸೆಂಜರ್:
ಯಾಕ ಮರತ್ರು ಅಂತ ಕೇಳೀರಲ್ಲ, ನಮ್ಮ ಗದಗಿನ ಕ್ರಿಕೆಟ್ ಸ್ಪಿನ್ನರ್ ಸುನಿಲ್ ಜೋಶಿ ಅವ್ರನ್ನ ನೆನಸ್ಕೋರಿ. ನಸುಕಿನ್ಯಾಗ ರೈಲ್ ಹತ್ತಿ ಹುಬ್ಬಳ್ಳಿಗೆ ಹೋಗಿ ಪ್ರ್ಯಾಕ್ಟೀಸ್ ಮಾಡಿ ಮತ್ತ ಗದಗಿಗೆ ಬಂದು ಸಾಲಿಗೆ ಹೋಗ್ತಿದ್ರು. 1999ರಾಗ ನೈರೋಬಿಯೊಳಗ ಸೌತ್ ಆಫ್ರಿಕಾ ಮ್ಯಾಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಬ್ಯಾರೆ ಕಾಲದಾಗ ಹುಟ್ಟಿದ್ರ ಅವ್ರ ಹೆಸರು ಎಲ್ಲಿರ್ತಿತ್ತೋ, ಅದ ಟೀಮಿನ್ಯಾಗ ಕುಂಬ್ಳೆ ಇದ್ರಲ್ರಿ.

ಪ್ರೈಸ್‌ಗೆ ಎದುರು ಶಿಕಾಗೋ ಟೀಮಿನ್ಯಾಗ ಜೋರ್ಡನ್ ಇದ್ದ. 1988, 1989, 1992, 1993, ನಾಕೂ ಸಲ ಪ್ಲೇಆಫ್‌ನ್ಯಾಗ, ಅಂದ್ರ ಸೀಸನ್ ಮುಗದಮ್ಯಾಲಿನ ನಾಕೌಟಿನ್ಯಾಗ, ಅವನ ಟೀಮೇ ಹೊರಗ ಹಾಕ್ತು. 1989ರಾಗಂತೂ ಸೀಸನ್‌ದಾಗ ಶಿಕಾಗೋನ ಆರಕ್ಕ ಆರೂ ಸಲ ಸೋಲ್ಸಿದ್ರು, ಪ್ಲೇಆಫ್ ಬಂತು, ಮೊದಲ್ನೇ ಮ್ಯಾಚಿಗೆ ಪ್ರೈಸ್ ಆಡಾಕ ಆಗ್ಲಿಲ್ಲ, ಐದನೇ ಮ್ಯಾಚಿನ ಕಡೀ ಗಳಿಗ್ಯಾಗ ಕ್ಲೀವ್‌ಲ್ಯಾಂಡಿನ ಕ್ರೇಗ್ ಈಲೋ ಮ್ಯಾಲೆ ಜೋರ್ಡನ್ ಹೊಡದ ಶಾಟು ಇವತ್ತಿಗೂ ಟಿವಿಯಾಗ ತೋರಸ್ತಾರ. ಆ ವಿಡಿಯೋದಾಗ ಸೋತವ್ರ ಟೀಮ್ ಯಾವ್ದು, ಅವ್ರ ಗಾರ್ಡ್ ಯಾರು ಅಂತ ಯಾರ್ ನೋಡ್ತಾರ? ಅದರ ಮ್ಯಾಲೆ 1990ರ ನವೆಂಬರ್ ಕಡೀಕ ಅಟ್ಲಾಂಟಾದಾಗ ಮೊಣಕಾಲಿನ ಲಿಗಮೆಂಟ್ ಹರದು ಆ ಸೀಸನ್ 16 ಮ್ಯಾಚಿಗೇ ಮುಗೀತು. ಅಂಥಾ ಪೆಟ್ಟು ತಿಂದಾಂವ ಮರುವರ್ಷ ಬಂದು ಮತ್ತ 57 ಮ್ಯಾಚ್ ಗೆಲ್ಲಿಸಿ ಟೀಮ್‌ನ ಈಸ್ಟ್ ಫೈನಲ್, ಅಂದ್ರ ಲೀಗಿನ ಪೂರ್ವ ಭಾಗದ ಫೈನಲ್ ತನಕ ಒಯ್ದಾನ್ರಿ, ನಂಗ ಇದ ದೊಡ್ಡದು, ಮುಂದ 1993, 1994ರಾಗ ಎರಡೂ ಸಲ ತ್ರೀ ಪಾಯಿಂಟ್ ಸ್ಪರ್ಧಾ ಗೆದ್ದಿದ್ದಕಿಂತ.

ವಿದ್ಯಾನಗರ ಗಾರ್ಡ್, ಹುಬ್ಬಳ್ಳಿ:
ಧಾರವಾಡದ ಸರ, ನೀವ್ ಹೇಳಿದಂಗ ಇವತ್ತ ಮಾಡಿಸಿದೆ. ಮೊದ್ಲ ಎರಡ್ ಪ್ಲಾಸ್ಟಿಕ್ ಕುರ್ಚಿ ಇಟ್ಟು ನಡಬರಕ ಹೋಗಸ್ದೆ, ಆಮ್ಯಾಲೆ ಇಬ್ರು ಎತ್ತರದ ಹುಡುಗೂರನ್ನ ನಿಲ್ಲಿಸಿದೆ. ನಮ್ಮ ಟೀಮಿನ್ಯಾಗ ಎಲ್ಲಾರಕಿಂತ ಸಣ್ಣಾಂವ ಒಬ್ಬ ಅದಾನ, ಬಾಲ್ ಪಾಸ್ ಮಾಡಿ ಮೂಲಿಗೆ ಹೋಗಿ ನಿಲ್ಲಾಂವ. ಎರಡ್ ಸಲ ಬಾಲ್ ಅವ್ರ ಕಾಲಿಗೆ ಬಡದು ಹೋತು, ಮೂರನೇ ಸಲ ದಾಟಿಬಿಟ್ಟ. ಲೇಅಪ್ ಹಾಕಿ ಹಿಂದ ತಿರುಗಿ ನೋಡಿದ್ನಲ್ಲ, ಆ ಮಾರಿ ನೀವ್ ನೋಡಬೇಕಿತ್ತು. ರಾತ್ರಿ ಮನ್ಯಾಗ ಯೂಟ್ಯೂಬಿನ್ಯಾಗ ಪ್ರೈಸ್ ವಿಡಿಯೋ ಹುಡುಕಿ ನೋಡ್ಯಾನಂತ, ಈಗ ಮೆಸೇಜ್ ಬಂತು, ಇಬ್ರ ಬದ್ಲಿ ಮೂರ ಮಂದಿ ಮ್ಯಾಲೆ ಬಂದ್ರ ಏನ್ ಮಾಡ್ಲಿ ಸರ ಅಂತ.

ಧಾರವಾಡ ಮಳಿ:
ಮೂರ ಮಂದಿ ಬಂದ್ರ ನಮ್ಮವ್ರು ಇಬ್ರು ಖಾಲಿ ಇರ್ತಾರ, ತಲಿ ಎತ್ತಿ ನೋಡು ಅನ್ನು. ಮತ್ತ ನಾಳೆ ಅವನ್ಗ ಎಡಗೈಲೆ ಮಾಡ್ಸು.