ಅವರಿಗೆ ‘ಮೂರು ತಿಂಗಳು ಕಾಯಿರಿ’, ನನಗೆ ‘ತಡ ಮಾಡಬೇಡಿ’. ಯಾಕೆ ಹೀಗೆ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನಗೆ 34, ಮಗುವಿಗಾಗಿ ಡಾಕ್ಟರ ಹತ್ತಿರ ತೋರಿಸುತ್ತಿದ್ದೇವೆ. ನಮ್ಮ ಯಜಮಾನರಿಗೆ ಹೋದ ತಿಂಗಳು ಡೆಂಗ್ಯೂ ಬಂದು ಜ್ವರ 103ರ ತನಕ ಏರಿತ್ತು. ಆಮೇಲೆ ಮಾಡಿಸಿದ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ತುಂಬಾ ಕಡಿಮೆ ಬಂತು. ಡಾಕ್ಟರ್ ‘ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಸರಿಹೋಗಬಹುದು’ ಅಂದರು. ನನ್ನ ಎಎಂಎಚ್ (ಎಷ್ಟು ಅಂಡಾಣು ಉಳಿದಿರಬಹುದು ಅಂತ ಅಂದಾಜು ಮಾಡುವ ರಕ್ತ ಪರೀಕ್ಷೆ) ರಿಪೋರ್ಟ್ ನೋಡಿ ಮಾತ್ರ ‘ನೀವು ತಡ ಮಾಡಬೇಡಿ’ ಅಂದರು. ಇಬ್ಬರಿಗೂ ಕಡಿಮೆ ಅಂತಲೇ ತಾನೇ ಬಂದಿರುವುದು? ಅತ್ತೆ ನುಗ್ಗೆಸೊಪ್ಪು ತಿನ್ನು, ಹೊಸ ಅಂಡಾಣು ಹುಟ್ಟುತ್ತೆ ಅಂತಾರೆ. ನಿಜವಾ?

ಬಯಾಲಜಿ ಮೇಷ್ಟ್ರು:
ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ ಇಬ್ಬರ ದೇಹ ಕೆಲಸ ಮಾಡುವ ರೀತಿಯಲ್ಲೇ ಇದೆ. ಗಂಡಸರಲ್ಲಿ ವೀರ್ಯಾಣು ತಯಾರಾಗುವುದು ಹರೆಯಕ್ಕೆ ಬಂದಾಗ ಶುರುವಾಗುತ್ತದೆ, ಆಮೇಲೆ ನಿಲ್ಲುವುದಿಲ್ಲ. ವೃಷಣದೊಳಗೆ ಕೂದಲಿನಂಥ ಸಣ್ಣ ನಾಳಗಳು ಸುರುಳಿ ಸುತ್ತಿಕೊಂಡಿವೆ. ಅವುಗಳ ಗೋಡೆಯಲ್ಲಿರುವ ಮೂಲ ಜೀವಕೋಶಗಳು ಒಂದು ಎರಡಾಗಿ ಹೆಚ್ಚುತ್ತಲೇ ಇರುತ್ತವೆ. ಕೆಲವು ಹಾಗೇ ಉಳಿದು ಮುಂದಿನ ಬೆಳೆಗೆ ಬೀಜವಾಗುತ್ತವೆ, ಉಳಿದವು 46 ಕ್ರೋಮೋಸೋಮನ್ನು 23ಕ್ಕೆ ಇಳಿಸಿಕೊಂಡು, ಬಾಲ ಬೆಳೆಸಿಕೊಂಡು ವೀರ್ಯಾಣುಗಳಾಗುತ್ತವೆ. ಇದಕ್ಕೆ ಸುಮಾರು 70 ದಿನ ಬೇಕು. ಅಲ್ಲಿಂದ ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್‌ಗೆ ಹೋಗಬೇಕು. ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಒಂದೇ ನಾಳ ಅದು. ಈಜುವ ಶಕ್ತಿ ಬರುವುದು ಅಲ್ಲಿ.

ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಅದಕ್ಕೇ ಅದು ಹೊಟ್ಟೆಯ ಹೊರಗಿರುವುದು. ಅಷ್ಟು ಜ್ವರ ಬಂದಾಗ ಅರ್ಧ ತಯಾರಾದ ಬ್ಯಾಚ್ ಹಾಳಾಗುತ್ತದೆ. ಮೂಲ ಕೋಶಗಳು ಉಳಿದಿದ್ದರೆ ಹೊಸ ಬ್ಯಾಚ್ ಬರುತ್ತದೆ, ಡಾಕ್ಟರ್ ಮೂರು ತಿಂಗಳು ಬಿಟ್ಟು ಮಾಡಿಸಿ ಅಂದದ್ದು ಅದಕ್ಕೇ.

ನಿಮ್ಮದು ಹಾಗಲ್ಲ. ನಿಮ್ಮ ಅಂಡಾಣುಗಳೆಲ್ಲ ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಆಗಿಹೋದವು. ಐದನೇ ತಿಂಗಳ ಭ್ರೂಣದಲ್ಲಿ 60–70 ಲಕ್ಷ, ಹುಟ್ಟುವಾಗ 10–20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಪ್ರತಿಯೊಂದೂ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತಿದೆ, ಬಿಡುಗಡೆಯಾಗುವ ತಿಂಗಳಲ್ಲಷ್ಟೇ ಮುಂದುವರಿಯುತ್ತದೆ. ಅಂದರೆ ಈ ತಿಂಗಳು ಬರುವ ಅಂಡಾಣು 34 ವರ್ಷ ಹಾಗೇ ಕಾದು ಕೂತಿತ್ತು. ಅಷ್ಟು ಕಾಲದಲ್ಲಿ ಕ್ರೋಮೋಸೋಮ್ ಜೋಡಿಗಳನ್ನು ಹಿಡಿದಿಟ್ಟ ಬಂಧ ಸಡಿಲವಾಗಿ, ಪಾಲಾಗುವಾಗ ತಪ್ಪಾಗುವುದು ಜಾಸ್ತಿ. ನುಗ್ಗೆಸೊಪ್ಪು ಒಳ್ಳೆಯದೇ, ತಿನ್ನಿ. ಹೊಸ ಅಂಡಾಣು ಮಾತ್ರ ಹುಟ್ಟುವುದಿಲ್ಲ.

ಹಳ್ಳಿಹೈದ:
40 ಹನಿ ರಕ್ತಕ್ಕೆ 1 ಹನಿ ವೀರ್ಯ ಅಂತಾರೆ. ಸ್ವಲ್ಪ ದಿನ ಪೂರ್ತಿ ಉಳಿಸಿಕೊಂಡರೆ ಗಟ್ಟಿಯಾಗಿ ಕೌಂಟ್ ಏರುತ್ತೆ ಅಕ್ಕ.

ಲ್ಯಾಬ್‌ಮನೆ:
ದಯವಿಟ್ಟು ಹಾಗೆ ಹೇಳಬೇಡಿ, ಈ ಮಾತು ನಂಬಿ ಎಷ್ಟೋ ಹುಡುಗರು ಸುಮ್ನೆ ಕೊರಗುತ್ತಾರೆ. ವೀರ್ಯ ರಕ್ತದಿಂದ ಇಳಿಯುವುದಲ್ಲ. ಅದರ ಹೆಚ್ಚಿನ ಪಾಲು ವೀರ್ಯಕೋಶ (ಸೆಮಿನಲ್ ವೆಸಿಕಲ್) ಮತ್ತು ಪ್ರಾಸ್ಟೇಟ್ ಎಂಬ ಗ್ರಂಥಿಗಳು ಸುರಿಸುವ ದ್ರವ, ವೀರ್ಯಾಣುಗಳದ್ದು ನೂರಕ್ಕೆ ಐದು ಪಾಲೂ ದಾಟುವುದಿಲ್ಲ. ಸ್ಯಾಂಪಲ್ ಕೈಗೆ ಬಂದಾಗ ಲೋಳೆಯಂತೆ ಗಟ್ಟಿ ಇರುತ್ತದೆ, ಅರ್ಧ ಗಂಟೆಯಲ್ಲಿ ತಾನೇ ನೀರಾಗುತ್ತದೆ, ಆಮೇಲೇ ನಾವು ಎಣಿಸುವುದು. ಗಟ್ಟಿ ಇದ್ದ ಸ್ಯಾಂಪಲ್‌ನಲ್ಲಿ ಒಂದೂ ವೀರ್ಯಾಣು ಇಲ್ಲದ್ದನ್ನೂ, ತೆಳ್ಳಗಿದ್ದದ್ದರಲ್ಲಿ ಧಾರಾಳ ಇದ್ದದ್ದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೇನೆ. ತುಂಬಾ ದಿನ ತಡೆದರೆ ಹಳೆಯ, ಚಲನೆ ಇಲ್ಲದ ವೀರ್ಯಾಣು ಜಾಸ್ತಿ ಸೇರುತ್ತವೆ. ಪರೀಕ್ಷೆಗೆ ಎರಡರಿಂದ ಏಳು ದಿನದ ಅಂತರ ಸಾಕು.

ಸಂಜೆಮಲ್ಲಿಗೆ:
ತುಂಬಾ ಥ್ಯಾಂಕ್ಸ್. ಇನ್ನೊಂದು ಅನುಮಾನ. ಮೊದಲು ಎರಡು ವರ್ಷ ಗರ್ಭನಿರೋಧಕ ಮಾತ್ರೆ ತಗೊಂಡಿದ್ದೆ. ಆಗ ಅಂಡಾಣು ಬಿಡುಗಡೆ ಆಗಲ್ಲವಲ್ಲ, ಅವು ಉಳಿದಿರಬೇಕಲ್ವಾ? ಸ್ಕ್ಯಾನ್‌ನಲ್ಲಿ ‘ಎಗ್ 18 ಎಂಎಂ’ ಅಂತಾನೂ ಹೇಳಿದ್ರು.

ಬಯಾಲಜಿ ಮೇಷ್ಟ್ರು:
ಉಳಿಯುವುದಿಲ್ಲ ತಂಗಿ. ಪ್ರತಿ ತಿಂಗಳು ಒಂದಷ್ಟು ಅಂಡಾಣುಗಳು ಒಟ್ಟಿಗೆ ಹೊರಡುತ್ತವೆ, ಸಾಮಾನ್ಯವಾಗಿ ಒಂದು ಮಾತ್ರ ಬಲಿಯುತ್ತದೆ, ಮಿಕ್ಕವು ಸಾಯುತ್ತವೆ. ಮಾತ್ರೆ ತಗೊಂಡರೂ, ಬಸುರಿಯಾಗಿದ್ದರೂ ಈ ಸಾಯುವುದು ನಡೆದೇ ಇರುತ್ತದೆ. ಇಡೀ ಆಯುಸ್ಸಿನಲ್ಲಿ ಬಿಡುಗಡೆಯಾಗುವುದು 400–500 ಅಷ್ಟೇ. 18 ಎಂಎಂ ಅಂದದ್ದು ಅಂಡಾಣುವನ್ನು ಸುತ್ತಿರುವ ನೀರುತುಂಬಿದ ಚೀಲದ ಅಳತೆ, ಫಾಲಿಕಲ್ ಅಂತಾರೆ. ಒಳಗಿನ ಅಂಡಾಣು ಒಂದು ಎಂಎಂನ ಹತ್ತನೇ ಒಂದು ಭಾಗ. ಎಎಂಎಚ್ ಇನ್ನೂ ಸಣ್ಣ ಫಾಲಿಕಲ್‌ಗಳಿಂದ ಬರುತ್ತದೆ. ಎಷ್ಟು ಉಳಿದಿರಬಹುದು ಅನ್ನುವ ಅಂದಾಜು ಕೊಡುತ್ತದೆ, ಹೇಗಿವೆ ಅಂತ ಹೇಳುವುದಿಲ್ಲ. ಕಡಿಮೆ ಬಂದವರಿಗೂ ತಾನಾಗಿ ಬಸಿರು ನಿಂತದ್ದುಂಟು, ಅದೊಂದನ್ನೇ ನೋಡಿ ಧೈರ್ಯಗೆಡಬೇಡಿ.

ಲ್ಯಾಬ್‌ಮನೆ:
ಯಜಮಾನರಿಗೆ ಇನ್ನೊಂದು ಮಾತು. ಮರುಪರೀಕ್ಷೆಯ ದಿನ ಡೆಂಗ್ಯೂ ಜ್ವರ ಬಿಟ್ಟ ತಾರೀಖನ್ನು ಫಾರಂನಲ್ಲಿ ಬರೆಸಿ, ಮೂರು ತಿಂಗಳ ಲೆಕ್ಕ ಅಲ್ಲಿಂದಲೇ ಶುರು. ಸ್ಯಾಂಪಲ್ ಮನೆಯಿಂದ ತರುವುದಾದರೆ ಡಬ್ಬಿಯನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟು, ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ.